ಮೈಸೂರಿನಿಂದ ಕಾಡಿಗೆ: ನಡೆಯೋಕೆ ಯಾವುದು, ನೋಡೋಕೆ ಯಾವುದು

ಬಂಡೀಪುರದಲ್ಲಿ ನಡೆಯುವ ಹಾಗಿಲ್ಲ. ನಾಗರಹೊಳೆಯಲ್ಲೂ ಇಲ್ಲ. ಮೈಸೂರು, ಮಂಡ್ಯ ಕಡೆಯವರು ಚಾರಣಕ್ಕೆ ಜಾಗ ಹುಡುಕುವಾಗ ಮೊದಲು ತಲೆಗೆ ಹಾಕಿಕೊಳ್ಳಬೇಕಾದ ಮಾತು ಇದು. ಎರಡೂ ನಮಗೆ ಹತ್ತಿರ, ಎರಡರ ಹೆಸರೂ ದೊಡ್ಡದು. ಹಾಗಾಗಿ ಬೂಟು, ಬ್ಯಾಗು ಸಮೇತ ಗುಂಡ್ಲುಪೇಟೆ ದಾಟಿ ಹೋಗಿ, ಗೇಟಿನಲ್ಲಿ ನಿಂತು ವಾಪಸಾಗುವವರು ಈಗಲೂ ಇದ್ದಾರೆ. ಈ ಎರಡು ಹುಲಿ ಸಂರಕ್ಷಿತ ಪ್ರದೇಶಗಳ ಒಳಗೆ ಪ್ರವಾಸಿಗರಿಗೆ ಇರುವುದು ಸಫಾರಿ ಮಾತ್ರ. ಗಾಡಿಯಿಂದ ಕಾಲು ಕೆಳಗಿಡುವಂತಿಲ್ಲ.

ಕರ್ನಾಟಕದಲ್ಲಿ ರಾಷ್ಟ್ರೀಯ ಉದ್ಯಾನಗಳು ಐದು: ಬಂಡೀಪುರ, ನಾಗರಹೊಳೆ, ಬನ್ನೇರುಘಟ್ಟ, ಕುದುರೆಮುಖ, ಅಣಶಿ. ದಿನವಿಡೀ ನಡೆದು ಬೆಟ್ಟದ ತುದಿ ಮುಟ್ಟಿ ಕಣ್ಣು ತುಂಬ ನೋಡಿ ಬರಬೇಕು ಅನ್ನುವವರಿಗೆ ಈ ಐದರಲ್ಲಿ ಕುದುರೆಮುಖಕ್ಕೆ ಸಾಟಿ ಇಲ್ಲ. 'ರಾಷ್ಟ್ರೀಯ ಉದ್ಯಾನ' ಅನ್ನುವ ಹೆಸರು ಕಾಡಿಗೆ ಸಿಕ್ಕಿರುವ ಕಾನೂನಿನ ರಕ್ಷಣೆಯನ್ನು ಹೇಳುತ್ತದೆಯೇ ಹೊರತು ಅಲ್ಲಿನ ನೋಟವನ್ನಲ್ಲ. ನಮ್ಮ ಕಡೆ ನಡೆಯಲು ಚೆಂದದ ಜಾಗಗಳಲ್ಲಿ ಹೆಚ್ಚಿನವು ವನ್ಯಜೀವಿಧಾಮಗಳು. ಕೊಡಗಿನ ಪುಷ್ಪಗಿರಿ, ಬ್ರಹ್ಮಗಿರಿ ಅಂಥವು. ಹೆಸರು ನೋಡಿ ಆರಿಸಿದರೆ ಇವೆಲ್ಲ ಕೈತಪ್ಪುತ್ತವೆ.

ಹಾಗಂತ ಬಂಡೀಪುರ, ನಾಗರಹೊಳೆ ಬಿಡಬೇಕಾಗಿಲ್ಲ. ಅವು ನೋಡುವ ಕಾಡುಗಳು, ಹಾಗೆಂದೇ ಹೋಗಬೇಕು. ಬಂಡೀಪುರದ ಸಫಾರಿ ಹೊರಡುವುದು ಮೇಲುಕಾಮನಹಳ್ಳಿಯಿಂದ. ನಾಗರಹೊಳೆಗೆ ಹುಣಸೂರು ಕಡೆಯಿಂದ ವೀರನಹೊಸಹಳ್ಳಿ, ಕಬಿನಿ ಕಡೆಯಿಂದ ದಮ್ಮನಕಟ್ಟೆ, ಕುಟ್ಟದ ಕಡೆಯಿಂದ ನಾಣಚ್ಚಿ ಗೇಟುಗಳಿವೆ. ಮೂರೂ ಒಂದಕ್ಕೊಂದು ದೂರ, ಬುಕ್ ಮಾಡುವಾಗ ಗೇಟಿನ ಹೆಸರು ತಪ್ಪಿದರೆ ಆವತ್ತಿನ ಸಫಾರಿ ಹೋದಂತೆಯೇ. ಪ್ರಾಣಿ ನೋಡಬೇಕು ಅನ್ನುವವರಿಗೆ ದಮ್ಮನಕಟ್ಟೆ, ಅದೂ ಮಾರ್ಚ್‌ನಿಂದ ಮೇವರೆಗೆ. ಕಬಿನಿಯ ಹಿನ್ನೀರು ಇಳಿದ ಜಾಗದಲ್ಲಿ ಎಳೆ ಹುಲ್ಲು ಏಳುತ್ತದೆ, ಒಳಗಿನ ಕೆರೆಕಟ್ಟೆ ಒಣಗಿರುತ್ತವೆ, ಆನೆಗಳು ಹಿಂಡು ಹಿಂಡಾಗಿ ಅಲ್ಲಿಗೇ ಬರುತ್ತವೆ. ಬೆಟ್ಟದ ಮೇಲಿನ ನೋಟ ಬೇಕಿದ್ದರೆ ಬಂಡೀಪುರದೊಳಗಿನ ಹಿಮವದ್ ಗೋಪಾಲಸ್ವಾಮಿ ಬೆಟ್ಟ, ಎತ್ತರ 1454 ಮೀಟರ್. ಅಲ್ಲೂ ನಡಿಗೆ ಇಲ್ಲ. ಸ್ವಂತ ಗಾಡಿ ಬುಡದಲ್ಲೇ ನಿಲ್ಲಬೇಕು, ಮೇಲಕ್ಕೆ ಕೆಎಸ್ಆರ್‌ಟಿಸಿ ಬಸ್ಸು. ಸಂಜೆ ಆನೆಗಳು ದೇವಸ್ಥಾನದ ಹತ್ತಿರಕ್ಕೇ ಬರುವುದುಂಟು, ಅದಕ್ಕಾಗಿ ದರ್ಶನ ಬೇಗ ಮುಗಿಸುತ್ತಾರೆ. ಮಧ್ಯಾಹ್ನ ಊಟದ ಹೊತ್ತಿಗೆಲ್ಲ ಮೇಲಿರುವ ಹಾಗೆ ಹೊರಡಿ.

ಇನ್ನೊಂದು ಎಚ್ಚರ. 2025ರ ನವೆಂಬರ್‌ನಲ್ಲಿ ಕಾಡಂಚಿನ ಊರುಗಳಲ್ಲಿ ಹುಲಿ ದಾಳಿಗೆ ಜನ ಬಲಿಯಾದ ಮೇಲೆ ಸರ್ಕಾರ ಎರಡೂ ಕಡೆ ಸಫಾರಿ ನಿಲ್ಲಿಸಿತು. ಇಂಥ ಆದೇಶ ಯಾವಾಗ ಬೇಕಾದರೂ ಬರಬಹುದು, ಬರಬೇಕಾದದ್ದೂ ಹೌದು. ಕಾಡಂಚಿನಲ್ಲಿ ಹೊಲ ಉಳುವವರ ಜೀವಕ್ಕಿಂತ ನಮ್ಮ ಭಾನುವಾರ ದೊಡ್ಡದಲ್ಲ. ಹೊರಡುವ ಹಿಂದಿನ ದಿನ ಒಮ್ಮೆ ವಿಚಾರಿಸಿಕೊಳ್ಳಿ.

ಈಗ ಕುದುರೆಮುಖ. 1987ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು, ವಿಸ್ತೀರ್ಣ ಸುಮಾರು 600 ಚದರ ಕಿಲೋಮೀಟರ್. ಶಿಖರದ ಎತ್ತರ ಹತ್ತಿರ ಹತ್ತಿರ 1890 ಮೀಟರ್. ಅಲ್ಲಿನ ನೋಟ ಬೇರೆ ಕಡೆ ಸಿಗದಿರುವುದಕ್ಕೆ ಕಾರಣ ಮರವಲ್ಲ, ಹುಲ್ಲು. ಬೆಟ್ಟದ ಮೈ ಪೂರ್ತಿ ಹುಲ್ಲುಗಾವಲು, ಎರಡು ಬೆಟ್ಟ ಕೂಡುವ ಮಡಿಲಿನಲ್ಲಿ ಮಾತ್ರ ಒತ್ತಾದ ಶೋಲಾ ಕಾಡು. ಮಳೆಗಾಲದ ನೀರನ್ನು ಹುಲ್ಲಿನ ಬೇರು, ಶೋಲಾದ ಕೊಳೆತೆಲೆ ಮಣ್ಣು ಹೀರಿಟ್ಟುಕೊಂಡು ತಿಂಗಳುಗಟ್ಟಲೆ ಸಣ್ಣಗೆ ಬಿಡುತ್ತವೆ. ತುಂಗೆ, ಭದ್ರೆ, ನೇತ್ರಾವತಿ ಹುಟ್ಟುವುದು ಈ ಸೀಮೆಯಲ್ಲೇ. ಇದೇ ಬೆಟ್ಟಗಳಲ್ಲಿ ನಡೆಯುತ್ತಿದ್ದ ಕಬ್ಬಿಣದ ಅದಿರಿನ ಗಣಿಗಾರಿಕೆ ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ನಿಂತಿತು. ಆ ತೀರ್ಪು ಬರದೇ ಹೋಗಿದ್ದರೆ ಇಂದು ಈ ಬರಹಕ್ಕೆ ವಿಷಯವೇ ಇರುತ್ತಿರಲಿಲ್ಲ.

ನಡಿಗೆ ಶುರುವಾಗುವುದು ಮುಳ್ಳೋಡಿಯಿಂದ. ಸಂಸೆ, ಬಾಳೆಗಲ್ ಕಡೆಯಿಂದ ಅಲ್ಲಿಗೆ ಕಚ್ಚಾ ದಾರಿ, ಜೀಪು ಬೇಕು. ಸಾಮಾನ್ಯ ಕಾರು ಒಯ್ದರೆ ತಳ ಕಲ್ಲಿಗೆ ಬಡಿಯುತ್ತದೆ. ಹೋಗಿಬರುವ ದಾರಿ ಒಟ್ಟು 20ರಿಂದ 22 ಕಿಲೋಮೀಟರ್. ಮೊದಲು ತೋಟ, ಗದ್ದೆ, ಹಳ್ಳಗಳ ನಡುವೆ ಹಗುರ ಹಾದಿ. ಒಂಟಿಮರ ಅನ್ನುವ ಜಾಗ ದಾಟಿದ ಮೇಲೆ ಬೆಟ್ಟದ ಏಣು ಹಿಡಿದು ಏರು, ನಡುವೆ ಶೋಲಾದ ನೆರಳು, ಕೊನೆಯಲ್ಲಿ ಇನ್ನೂ ಕಡಿದಾದ ಏರು. ಹತ್ತಲು ನಾಲ್ಕರಿಂದ ಐದು ಗಂಟೆ, ಇಳಿಯಲು ಮೂರರಿಂದ ಮೂರೂವರೆ. ಬೆಳಿಗ್ಗೆ ಆರೂವರೆಗೆ ಚೆಕ್‌ಪೋಸ್ಟ್ ಬಿಟ್ಟರೆ ಹನ್ನೊಂದೂವರೆಗೆ ತುದಿ, ನಾಲ್ಕಕ್ಕೆ ಕೆಳಗೆ. ಎಂಟೂವರೆಗೆ ಹೊರಟವರಿಗೆ ಈ ಲೆಕ್ಕ ಕೂಡುವುದಿಲ್ಲ. ಎಲ್ಲೇ ಇದ್ದರೂ ಹನ್ನೆರಡೂವರೆಗೆ ತಿರುಗಬೇಕು ಎಂದು ಮೊದಲೇ ಗುಂಪಿನಲ್ಲಿ ಮಾತಾಡಿಕೊಳ್ಳಿ. ಮೇಲೆ ನಿಂತು ತೀರ್ಮಾನ ಮಾಡಲು ಹೊರಟರೆ 'ಇನ್ನೇನು ಬಂದೇಬಿಡ್ತು' ಅನ್ನುವ ಒಬ್ಬರಾದರೂ ಇದ್ದೇ ಇರುತ್ತಾರೆ.

ಕಾಲಿನ ಶಕ್ತಿ ಅಳೆಯಲು ಮೈಸೂರಿನವರಿಗೆ ಚಾಮುಂಡಿ ಬೆಟ್ಟಕ್ಕಿಂತ ಒಳ್ಳೆಯ ತಕ್ಕಡಿ ಇಲ್ಲ. ಸಾವಿರ ಮೆಟ್ಟಿಲು, ಮುನ್ನೂರು ಮೀಟರಿನ ಆಸುಪಾಸಿನ ಏರು. ಮುಳ್ಳೋಡಿಯಿಂದ ಶಿಖರಕ್ಕೆ ಅದರ ಮೂರು ಪಟ್ಟು ಅಂದುಕೊಳ್ಳಿ. ತಿಂಗಳು ಮುಂಚೆ ವಾರಕ್ಕೆರಡು ಸಲ ಮೆಟ್ಟಿಲು ಹತ್ತಿ. ಕೊನೆಯ ವಾರ ಬೆನ್ನಿಗೆ ಐದು ಕಿಲೋ ಹಾಕಿಕೊಂಡು ಒಂದೇ ಬೆಳಿಗ್ಗೆ ಎರಡು ಸಲ ಹತ್ತಿಳಿಯಿರಿ. ಇಳಿಯುವಾಗ ಬಸ್ಸು ಹಿಡಿಯಬೇಡಿ. ಮಂಡಿ ಸೋಲುವುದು ಇಳಿಜಾರಿನಲ್ಲೇ, ಉಸಿರು ಎಷ್ಟೇ ಚೆನ್ನಾಗಿದ್ದರೂ. ಎರಡನೇ ಸಲ ನಂದಿಯ ಹತ್ತಿರ ಬರುವಾಗ ತೊಡೆ ನಡುಗಿದರೆ ಈ ವರ್ಷ ಗಂಗಡಿಕಲ್ಲು ಅಥವಾ ಕುರಿಂಜಾಲು ಆರಿಸಿಕೊಳ್ಳಿ. ಎರಡೂ ಇದೇ ಉದ್ಯಾನದೊಳಗಿನ ಚಿಕ್ಕ ಚಾರಣಗಳು, ಹುಲ್ಲುಗಾವಲೂ ಇದೇ, ನೋಟಕ್ಕೆ ಮೋಸವಿಲ್ಲ.

ತಿಂಗಳ ಆಯ್ಕೆಯಲ್ಲೇ ಹೆಚ್ಚು ಜನ ಎಡವುತ್ತಾರೆ. ಜುಲೈ, ಆಗಸ್ಟ್‌ನ ಹಸಿರು ಫೋಟೋ ನೋಡಿ ಆಸೆಪಟ್ಟು ಹೋದರೆ ತುದಿಯಲ್ಲಿ ಸಿಗುವುದು ಬರೀ ಬಿಳಿ. ಕಡಲಿನಿಂದ ಬರುವ ತೇವದ ಗಾಳಿ ಘಟ್ಟಕ್ಕೆ ಬಡಿದು ಮೇಲೇರಿ ತಣಿದು ಮೋಡವಾಗುತ್ತದೆ, ನೀವು ನಿಲ್ಲುವುದು ಆ ಮೋಡದೊಳಗೆ. ಪಕ್ಕದವರ ಮುಖ ಕಂಡರೆ ಹೆಚ್ಚು. ಹಳ್ಳಗಳೂ ಆಗ ತುಂಬಿ ಹರಿಯುತ್ತವೆ. ನೋಟ ಬೇಕಿದ್ದರೆ ಅಕ್ಟೋಬರ್ ನಡುವಿನಿಂದ ಡಿಸೆಂಬರ್ ಕೊನೆ. ಹುಲ್ಲು ಇನ್ನೂ ಹಸಿರಾಗಿರುತ್ತದೆ, ಗಾಳಿ ತೊಳೆದಿಟ್ಟ ಹಾಗಿರುತ್ತದೆ, ಪಡುವಣಕ್ಕೆ ಬೆಳ್ತಂಗಡಿ ಕಡೆಯ ಬಯಲು ಬಿಚ್ಚಿಕೊಳ್ಳುತ್ತದೆ. ಅಕ್ಟೋಬರ್, ನವೆಂಬರ್‌ನಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಳೆ ಬರಬಹುದು, ಬೋಳು ಏಣಿನ ಮೇಲೆ ಸಿಡಿಲಿಗೆ ಮರೆ ಇಲ್ಲ. ಬೇಗ ಹೊರಡುವುದಕ್ಕೆ ಇದೂ ಒಂದು ಕಾರಣ. ಫೆಬ್ರವರಿ ನಂತರ ಹುಲ್ಲು ಒಣಗಿ ಬೆಂಕಿಯ ಭಯ, ಸಾಮಾನ್ಯವಾಗಿ ಚಾರಣ ಮುಚ್ಚಿರುತ್ತದೆ.

ಅನುಮತಿ ಅರಣ್ಯ ಇಲಾಖೆಯ 'ಅರಣ್ಯ ವಿಹಾರ' ಜಾಲತಾಣದಲ್ಲಿ. ದಿನಕ್ಕೆ ಇಂತಿಷ್ಟೇ ಜನ, ಶನಿವಾರ ಭಾನುವಾರ ಬೇಗ ತುಂಬುತ್ತದೆ. ಮೊದಲು ಅನುಮತಿ, ಆಮೇಲೆ ಹೋಂಸ್ಟೇ, ಕೊನೆಗೆ ಗಾಡಿ. ಈ ಸಾಲು ತಿರುಗುಮುರುಗಾದರೆ ರೂಮಿನ ಮುಂಗಡ ಹೋಗುತ್ತದೆ. ಏಜೆಂಟರ ಮೂಲಕ ಹೋಗುವವರು 'ಪರ್ಮಿಟ್ ನಮ್ದೇ ಸಾರ್' ಅನ್ನುವ ಮಾತಿಗೆ ನಿಲ್ಲದೆ ನಿಮ್ಮ ಹೆಸರಿರುವ ಟಿಕೆಟ್ ಪ್ರತಿ ತರಿಸಿಕೊಳ್ಳಿ. ಚೆಕ್‌ಪೋಸ್ಟಿನಲ್ಲಿ ಅದನ್ನು ಗುರುತಿನ ಚೀಟಿಯ ಜೊತೆ ಇಟ್ಟು ನೋಡುತ್ತಾರೆ.

ಬೂಟಿನ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ವರ್ಷಗಟ್ಟಲೆ ಪೆಟ್ಟಿಗೆಯಲ್ಲಿಟ್ಟ ದುಬಾರಿ ಬೂಟು ದಾರಿ ಮಧ್ಯೆ ಕೈಕೊಡುವುದು ಬಹಳ ಸಾಮಾನ್ಯ. ಹಲವು ಬೂಟುಗಳ ಅಟ್ಟೆಯ ನಡುಪದರ ಪಾಲಿಯುರಿಥೇನ್ ನೊರೆಯದು. ಬಳಸದೆ ಇಟ್ಟರೂ ಗಾಳಿಯ ತೇವ ಅದನ್ನು ಒಳಗೊಳಗೇ ತಿನ್ನುತ್ತದೆ. ಹೊರಗೆ ಹೊಸದರಂತೆ ಕಂಡರೂ ಹೆಬ್ಬೆರಳಿನಿಂದ ಅಟ್ಟೆಯ ಅಂಚನ್ನು ಬಲವಾಗಿ ಒತ್ತಿದರೆ ಒಣ ಬ್ರೆಡ್ಡಿನ ಹಾಗೆ ಸಣ್ಣ ಸಣ್ಣ ಬಿರುಕು ಕಾಣುತ್ತದೆ, ಪುಡಿ ಉದುರುತ್ತದೆ. ಬೂಟಿನ ಮುಂತುದಿ ಹಿಡಿದು ಮಡಚಿ ನೋಡಿ, ಅಂಟು ಬಿಟ್ಟ ಕಡೆ ಬಾಯಿ ತೆರೆಯುತ್ತದೆ. ಅಂಥದ್ದನ್ನು ಹಾಕಿಕೊಂಡು ಹೋದರೆ ಎರಡನೇ ಹಳ್ಳ ದಾಟುವಷ್ಟರಲ್ಲಿ ಅಟ್ಟೆ ಕಳಚಿ ಕೈಗೆ ಬರುತ್ತದೆ. ಹಾಗಾದರೆ ಎಂದು ಎರಡು ಮೀಟರ್ ನೈಲಾನ್ ಹಗ್ಗ ಬ್ಯಾಗಿನಲ್ಲಿರಲಿ, ಕಟ್ಟಿಕೊಂಡು ಇಳಿಯಲು ಸಾಕು. ಹೊಸ ಬೂಟಾದರೆ ಅರ್ಧ ಸೈಜು ದೊಡ್ಡದು ಕೊಳ್ಳಿ, ಇಳಿಯುವಾಗ ಹೆಬ್ಬೆರಳಿನ ಉಗುರು ಮುಂದಕ್ಕೆ ಒತ್ತಿ ಕಪ್ಪಾಗುವುದು ತಪ್ಪುತ್ತದೆ.

ನೀರು ತಲೆಗೆ ಎರಡು ಲೀಟರ್, ಓಆರ್‌ಎಸ್ ಎರಡು ಪೊಟ್ಟಣ. ಬುತ್ತಿಗೆ ಪುಳಿಯೋಗರೆಯೇ ಸರಿ. ಹುಣಸೆ, ಎಣ್ಣೆ ಇರುವುದರಿಂದ ಮಧ್ಯಾಹ್ನದವರೆಗೂ ಕೆಡುವುದಿಲ್ಲ. ಕಾಯಿ ತುರಿ ಹಾಕಿದ ಚಿತ್ರಾನ್ನ ಬ್ಯಾಗಿನ ಬಿಸಿಗೆ ಹಳಸುತ್ತದೆ. ಸ್ಟೀಲ್ ಡಬ್ಬಿಯಲ್ಲಿ ಒಯ್ಯಿರಿ. ನವೆಂಬರ್‌ವರೆಗೂ ಇಂಬಳ ಇರುತ್ತವೆ. ಕಚ್ಚಿದ್ದನ್ನು ಕಿತ್ತೆಳೆಯದೆ ಉಗುರಿನಿಂದ ಪಕ್ಕಕ್ಕೆ ಜಾರಿಸಿ ಬಿಡಿಸಿ, ರಕ್ತ ಸ್ವಲ್ಪ ಹೊತ್ತು ಹರಿದು ತಾನೇ ನಿಲ್ಲುತ್ತದೆ.

ಅಷ್ಟು ದೂರ ಬೇಡ ಅನ್ನುವವರಿಗೆ ಕೊಡಗು. ಕಕ್ಕಬ್ಬೆ ಹತ್ತಿರದ ತಡಿಯಂಡಮೋಳ್ 1748 ಮೀಟರ್, ಕೊಡಗಿನಲ್ಲಿ ಎಲ್ಲಕ್ಕಿಂತ ಎತ್ತರ, ನಾಲ್ಕುನಾಡು ಅರಮನೆಯ ಕಡೆಯಿಂದ ಹತ್ತುವುದು. ಮೊದಲ ಸಲ ಚಾರಣ ಮಾಡುವವರಿಗೆ ಇದೇ ಒಳ್ಳೆಯದು. 1712 ಮೀಟರಿನ ಕುಮಾರ ಪರ್ವತ ಗಟ್ಟಿ ಕಾಲಿನವರಿಗೆ. ಕುಕ್ಕೆ ಸುಬ್ರಹ್ಮಣ್ಯದ ಕಡೆಯಿಂದ ಏರು ಬಹಳ ಉದ್ದ, ಸೋಮವಾರಪೇಟೆಯ ಬೀಡಹಳ್ಳಿ ಕಡೆಯಿಂದ ಚಿಕ್ಕದು, ಮೈಸೂರಿಗೂ ಅದೇ ಹತ್ತಿರ.

ಗಡಿಯಾಚೆ ಕೇರಳದ ಎರವಿಕುಲಂ ರಾಷ್ಟ್ರೀಯ ಉದ್ಯಾನಕ್ಕೆ ಹೋಗುವವರು ಅಲ್ಲಿನ ಆನಮುಡಿ ಶಿಖರ ಹತ್ತುತ್ತೇವೆ ಅಂದುಕೊಳ್ಳಬೇಡಿ. ಪ್ರವಾಸಿಗರಿಗೆ ಇರುವುದು ರಾಜಮಲೆಯ ಡಾಂಬರು ದಾರಿಯ ನಡಿಗೆ ಮಾತ್ರ. ವರಯಾಡು ಅನ್ನುವ ಕಾಡುಮೇಕೆ ಮರಿ ಹಾಕುವ ಫೆಬ್ರವರಿ, ಮಾರ್ಚ್ ಹೊತ್ತಿಗೆ ಉದ್ಯಾನ ಮುಚ್ಚಿರುತ್ತದೆ. ಅಲ್ಲಿ ನೀಲಕುರಿಂಜಿ ಹೂವು ಅರಳಿದ್ದು 2018ರಲ್ಲಿ, 12 ವರ್ಷಕ್ಕೊಮ್ಮೆಯ ಲೆಕ್ಕದಲ್ಲಿ ಮುಂದಿನದು 2030. ಆ ಕಡೆ ಬಂಡೀಪುರದ ಮೇಲೆ ಹೋಗುವುದಾದರೆ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ರಸ್ತೆ ಬಂದ್. ಎಚ್.ಡಿ.ಕೋಟೆ–ಬಾವಲಿ ರಸ್ತೆ ಸಂಜೆ ಆರಕ್ಕೇ ಮುಚ್ಚುತ್ತದೆ.

ಕುದುರೆಮುಖಕ್ಕೆ ಮೈಸೂರಿನಿಂದ ಹಾಸನ, ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ ದಾಟಿ ಕಳಸ, ಸುಮಾರು ಆರು ಗಂಟೆ ದಾರಿ. ಮಂಡ್ಯದವರು ಮೈಸೂರಿಗೆ ಬಂದು ಸುತ್ತುವುದು ಬೇಡ, ನಾಗಮಂಗಲದ ಮೇಲೆ ಹಾಸನ ಸೇರಿ. ಬೆಟ್ಟ ಇಳಿದ ಸಂಜೆಯೇ ವಾಪಸು ಹೊರಡಬೇಡಿ. ಕೊಟ್ಟಿಗೆಹಾರದ ಮಂಜಿನಲ್ಲಿ, ಕ್ಲಚ್ ಒತ್ತಲಾರದ ಕಾಲಿನಲ್ಲಿ ರಾತ್ರಿ ಗಾಡಿ ಓಡಿಸುವುದು ಬೆಟ್ಟ ಹತ್ತಿದ್ದಕ್ಕಿಂತ ಅಪಾಯ. ಉಳಿದು ಬೆಳಿಗ್ಗೆ ಹೊರಟರೆ, ಆಕಾಶ ತಿಳಿಯಾಗಿದ್ದಲ್ಲಿ ಸಂಸೆಯ ಕಡೆಯಿಂದ ಒಮ್ಮೆ ಹಿಂತಿರುಗಿ ನೋಡಿ. ಹಿಂದಿನ ದಿನ ಪೂರ್ತಿ ಅದರ ಮೈಮೇಲೆ ನಡೆದಾಗ ಕಾಣದಿದ್ದ ಕುದುರೆಯ ಮುಖ ಅಲ್ಲಿಂದ ಕಾಣುತ್ತದೆ.