ಚಿನ್ನಿಯ ಕಾಲಡಿಯ ನೆಲ

ನಾನು ಸಾಕಿದ ಚಿನ್ನಿ ಬಿಯರ್ಡೆಡ್ ಡ್ರ್ಯಾಗನ್ ಅನ್ನುವ ಹಲ್ಲಿಜಾತಿಯ ಪ್ರಾಣಿ. ಅವಳು ಮರಳು ನೆಕ್ಕುವುದನ್ನು ನಾನು ಮೊದಲ ವಾರದಲ್ಲೇ ನೋಡಿದ್ದೆ. ತಲೆ ಬಗ್ಗಿಸಿ, ದಪ್ಪ ಗುಲಾಬಿ ನಾಲಿಗೆಯನ್ನು ನೆಲಕ್ಕೆ ತಾಗಿಸಿ, ಪಟ್ಟಂತ ಒಳಗೆ ಎಳೆದುಕೊಳ್ಳುತ್ತಿದ್ದಳು. ಹೊಸ ಜಾಗ ಅಲ್ವಾ, ಪರಿಚಯ ಮಾಡಿಕೊಳ್ಳುತ್ತಿದ್ದಾಳೆ ಅಂದುಕೊಂಡೆ. ಅದು ನಿಜವೂ ಹೌದು. ಬಿಯರ್ಡೆಡ್ ಡ್ರ್ಯಾಗನ್‌ಗಳು ಸುತ್ತಲಿನದನ್ನು ನಾಲಿಗೆ ತಾಗಿಸಿಯೂ ತಿಳಿದುಕೊಳ್ಳುತ್ತವೆ. ಆದರೆ ಹಾಗೆ ತಾಗಿಸಿದಾಗಲೆಲ್ಲ ನಾಲ್ಕಾರು ಕಣ ಹೊಟ್ಟೆಗೆ ಹೋಗುತ್ತಿದೆ ಅಂತ ನನಗೆ ಹೊಳೆಯಲೇ ಇಲ್ಲ.

ಆಗ ಅವಳು ನಾಲ್ಕು ತಿಂಗಳ ಮರಿ. ಗಾಜಿನ ಗೂಡಿನ ತಳಕ್ಕೆ ನಾನು ಹಾಕಿದ್ದು ಕ್ಯಾಲ್ಸಿಯಂ ಮರಳು. ಮರಳುಗಾಡಿನ ಪ್ರಾಣಿಗೆ ಮರಳೇ ಸರಿ ಅಂತ ನನ್ನ ಲೆಕ್ಕ. ಚೀಲದ ಮೇಲೆ, ಹೊಟ್ಟೆಗೆ ಹೋದರೂ ಕರಗುತ್ತದೆ ಅಂತ ಬರೆದಿತ್ತು. ಅದನ್ನು ನಂಬಿದೆ.

ಮೂರನೇ ವಾರ ಅವಳು ಹಿಕ್ಕೆ ಹಾಕುವುದು ನಿಂತಿತು. ಎರಡು ದಿನ ಕಾದೆ, ನಾಲ್ಕು ದಿನ ಕಾದೆ. ಆರನೇ ದಿನ ಹುಳು ಎದುರಿಗೆ ಓಡಾಡಿದರೂ ತಿರುಗಿ ನೋಡಲಿಲ್ಲ. ಮುಂದಿನ ಕಾಲಿನಿಂದ ಮೈ ಎಳೆದುಕೊಂಡು ಹೋಗುತ್ತಿದ್ದಳು, ಹಿಂದಿನ ಕಾಲು ಹಿಂದೆಯೇ ಉಳಿಯುತ್ತಿತ್ತು. ಅದನ್ನು ನೋಡಿದ ಮೇಲೆ ಕಾಯುವ ಧೈರ್ಯ ಇರಲಿಲ್ಲ. ಸರೀಸೃಪಗಳನ್ನು ನೋಡುವ ವೈದ್ಯರ ಹತ್ತಿರ ಕರೆದುಕೊಂಡು ಹೋದೆ.

ಎಕ್ಸ್‌ರೇಯಲ್ಲಿ ಅವಳ ಹೊಟ್ಟೆಯ ಕೆಳಭಾಗದಲ್ಲಿ ಬಿಳಿ ಮುದ್ದೆಯೊಂದು ಮೂಳೆಯಷ್ಟೇ ಢಾಳಾಗಿ ಕಾಣುತ್ತಿತ್ತು. ಅದು ಮರಳು. ವೈದ್ಯರು ಬೈಯಲಿಲ್ಲ. ಅವರು ಕೇಳಿದ ಮೊದಲ ಪ್ರಶ್ನೆ ಮರಳಿನ ಬಗ್ಗೆಯೂ ಅಲ್ಲ. "ದೀಪದ ಕೆಳಗೆ ಅವಳು ಕೂರುವ ಜಾಗದಲ್ಲಿ ಎಷ್ಟು ಡಿಗ್ರಿ ಇದೆ? ಗೋಡೆಗೆ ಅಂಟಿಸಿದ ಮೀಟರ್ ಲೆಕ್ಕ ಬೇಡ, ಕಲ್ಲಿನ ಮೇಲೆ ಎಷ್ಟಿದೆ ಹೇಳಿ."

ನನಗೆ ಗೊತ್ತಿರಲಿಲ್ಲ. ಮನೆಗೆ ಬಂದು ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದು ನೋಡಿದರೆ 32 ಡಿಗ್ರಿ. ಬೇಕಾಗಿದ್ದದ್ದು 40ರ ಆಸುಪಾಸು. ಈ ಪ್ರಾಣಿಯ ಮೈಗೆ ಶಾಖ ಹೊರಗಿನಿಂದಲೇ ಬರಬೇಕು. ಶಾಖ ಸಾಲದಿದ್ದರೆ ಕರುಳು ನಿಧಾನವಾಗುತ್ತದೆ, ಒಳಗೆ ಹೋದದ್ದು ಅಲ್ಲೇ ಕೂರುತ್ತದೆ. ಮೈಯಲ್ಲಿ ನೀರು ಕಡಿಮೆಯಾದರೆ ಇನ್ನೂ ಕಷ್ಟ. ಕ್ಯಾಲ್ಸಿಯಂ ಮರಳು ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಒದ್ದೆಯಾದರೆ ಗಂಟು ಕಟ್ಟುತ್ತದೆ, ಜೊತೆಗೆ ಹೊಟ್ಟೆಯ ಆಮ್ಲವನ್ನೂ ಮೆತ್ತಗೆ ಮಾಡುತ್ತದೆ. ಹೀಗೆ ಮರಳೂ ತಣ್ಣನೆ ಕಲ್ಲೂ ಸೇರಿ ಅವಳನ್ನು ಆ ಸ್ಥಿತಿಗೆ ತಂದಿದ್ದವು. ಎರಡನ್ನೂ ಇಟ್ಟವಳು ನಾನೇ. ಆ ರಾತ್ರಿ ನಿದ್ದೆ ಬರಲಿಲ್ಲ.

ಚರ್ಮದಡಿಗೆ ದ್ರವ ಕೊಟ್ಟು ಕಳಿಸಿದ್ದರು. ಮನೆಯಲ್ಲಿ ದಿನಕ್ಕೆ ಎರಡು ಸಲ ಬೆಚ್ಚಗಿನ ನೀರಿನ ಸ್ನಾನ. ನೀರು ಅವಳ ಭುಜ ದಾಟಬಾರದು. ನನ್ನ ಅಂಗೈ ಮೇಲೆ ಅವಳ ಹೊಟ್ಟೆ, ಬೆರಳ ತುದಿಯ ಮೇಲೆ ಅವಳ ಗದ್ದ. ಗದ್ದದ ಮುಳ್ಳು ಚುಚ್ಚುವುದಿಲ್ಲ, ಮೆತ್ತಗಿರುತ್ತದೆ ಅಂತ ಸರಿಯಾಗಿ ಗೊತ್ತಾಗಿದ್ದು ಆಗಲೇ. ನಾಲ್ಕನೇ ದಿನ ಸಂಜೆ ನೀರಿನೊಳಗೆ ಬೂದು ಬಣ್ಣದ ಗಟ್ಟಿ ಉಂಡೆಯೊಂದು ಬಿತ್ತು. ಬೆರಳಲ್ಲಿ ಹಿಸುಕಿ ನೋಡಿದೆ, ಪೂರ್ತಿ ಮರಳು. ಅಳು ಬಂತು. ಎಲ್ಲ ಪ್ರಾಣಿಗೂ ಇಷ್ಟಕ್ಕೇ ಮುಗಿಯುವುದಿಲ್ಲ, ಕೆಲವಕ್ಕೆ ಆಪರೇಷನ್ ಬೇಕಾಗುತ್ತದೆ.

ಮುಂದಿನ ಮೂರು ತಿಂಗಳು ಗೂಡಿನ ನೆಲಕ್ಕೆ ಬರೀ ಪೇಪರ್ ಟವೆಲ್. ನೋಡಲು ಏನೂ ಚೆಂದ ಇಲ್ಲ. ಆದರೆ ಬಿಳಿ ಕಾಗದದ ಮೇಲೆ ಎಲ್ಲವೂ ಕಾಣುತ್ತದೆ. ಕಂದು ಭಾಗ ಗಟ್ಟಿಯಾಗಿದೆಯಾ, ಜೊತೆಗೆ ಬರುವ ಯುರೇಟ್, ಅಂದರೆ ಮೂತ್ರದ ಗಟ್ಟಿ ಭಾಗ, ಬೆಳ್ಳಗಿದೆಯಾ ಅಥವಾ ಹಳದಿಯಾಗಿ ಒಣಗಿದೆಯಾ ಅಂತ ದಿನಾ ನೋಡುತ್ತಿದ್ದೆ. ಹಳದಿಯಾಗಿ ಗಟ್ಟಿಯಾಗಿದ್ದರೆ ನೀರು ಸಾಲುತ್ತಿಲ್ಲ ಅಂತಲೇ ಮೊದಲು ಅನುಮಾನ ಬರಬೇಕು. ಹುಳುಬಾಧೆ ಪರೀಕ್ಷೆಗೆ ಹಿಕ್ಕೆ ಕೊಡುವುದೂ ಸುಲಭ. ಹೊಸದಾಗಿ ತಂದ ಪ್ರಾಣಿಗೆ, ಮರಿಗೆ, ಹುಷಾರಿಲ್ಲದ್ದಕ್ಕೆ ಇದಕ್ಕಿಂತ ಒಳ್ಳೆಯ ನೆಲ ಇಲ್ಲ ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ.

ಆದರೆ ಚಿನ್ನಿ ಬೆಳೆದಳು. ಹುಳುವಿನ ಹಿಂದೆ ಓಡುವಾಗ ಕಾಗದ ಜಾರುತ್ತಿತ್ತು, ಹುಳು ಅದರಡಿ ನುಗ್ಗುತ್ತಿತ್ತು. ಉಗುರುಗಳು ಸವೆಯದೆ ಉದ್ದವಾಗಿ ಬಾಗತೊಡಗಿದವು. ಸರೀಸೃಪಗಳಿಗೆ ಅಂತಲೇ ಸಿಗುವ ಕಾರ್ಪೆಟ್ ಹಾಕಿ ನೋಡಿದೆ. ಎರಡನೇ ದಿನವೇ ಒಂದು ಉಗುರು ನೂಲಿಗೆ ಸಿಕ್ಕಿಕೊಂಡು ಅವಳು ಕಾಲು ಜಗ್ಗುತ್ತಿದ್ದಳು. ಕತ್ತರಿಯಿಂದ ನೂಲು ಕತ್ತರಿಸಿ ಬಿಡಿಸಿ, ಕಾರ್ಪೆಟ್ ಎತ್ತಿ ಬಿಸಾಕಿದೆ. ಅಕ್ರೋಟದ ಸಿಪ್ಪೆಯ ಪುಡಿ, ಮರದ ಚಕ್ಕೆ ಇವನ್ನು ಕೊಳ್ಳಲೇ ಇಲ್ಲ. ಅಂಚು ಚೂಪು, ನುಂಗಿದರೆ ಕರಗುವುದಿಲ್ಲ.

ಕೊನೆಗೆ ಟೈಲ್ಸ್. ನುಣುಪಿನದ್ದಲ್ಲ, ಅದರ ಮೇಲೆ ಕಾಲು ನಿಲ್ಲುವುದಿಲ್ಲ. ತರಿತರಿಯಾದ ಸ್ಲೇಟ್ ಕಲ್ಲಿನದ್ದು ಬೇಕಿತ್ತು. ಕೊಳ್ಳುವ ಮುಂಚೆ ನನ್ನ ಮುಂಗೈ ಒಳಭಾಗವನ್ನು ಅದರ ಮೇಲೆ ಉಜ್ಜಿ ನೋಡಿದೆ. ಹಿಡಿತ ಸಿಗಬೇಕು, ಗೀರಬಾರದು, ಅವಳ ಹೊಟ್ಟೆ ಇಡೀ ದಿನ ಅದಕ್ಕೇ ತಾಗಿರುತ್ತದೆ. ಗೂಡಿನ ಅಳತೆಗೆ ಕತ್ತರಿಸಿ ಕೂರಿಸಿದ ಮೊದಲ ದಿನವೇ ಅವಳು ದೀಪದಡಿಯ ಟೈಲ್ ಮೇಲೆ ರೊಟ್ಟಿಯಂತೆ ಚಪ್ಪಟೆಯಾಗಿ ಮಲಗಿ ಬಾಯಿ ತೆರೆದಳು. ಮೈ ಸಾಕಷ್ಟು ಕಾದಾಗ ಅವು ಹೀಗೆ ಬಾಯಿ ತೆರೆಯುತ್ತವೆ. ಎರಡು ತಿಂಗಳಲ್ಲಿ ಉಗುರುಗಳೂ ತಾವಾಗಿಯೇ ಸವೆದವು.

ಇವುಗಳ ತವರಿನ ಬಗ್ಗೆ ಓದಿದ್ದು ಆಮೇಲೆ. ಮೊದಲೇ ಓದಬೇಕಿತ್ತು. ಮನೆಗಳಲ್ಲಿ ಸಾಕುವ ಬಿಯರ್ಡೆಡ್ ಡ್ರ್ಯಾಗನ್ ಜಾತಿ, ಪೊಗೋನಾ ವಿಟ್ಟಿಸೆಪ್ಸ್, ಆಸ್ಟ್ರೇಲಿಯಾದ ಒಳನಾಡಿನದ್ದು, ಬೇಲಿ ಮೇಲೆ ತಲೆ ಆಡಿಸುವ ಓತಿಕ್ಯಾತನ ಬಳಗದ್ದೇ. ಅಲ್ಲಿ ಎಲ್ಲೆಡೆ ಮರಳ ದಿಬ್ಬ ಇಲ್ಲ. ಬಿಸಿಲಿಗೆ ಗಟ್ಟಿಯಾದ ಮಣ್ಣು, ಕಲ್ಲು, ಕುರುಚಲು ಗಿಡ, ಬಿದ್ದ ಮರದ ಕೊಂಬೆ ಕೂಡ ಇವೆ. ನೆಲದ ಮೇಲೆ ಓಡುವಷ್ಟೇ ಕೊಂಬೆ ಹತ್ತಿ ಕೂರುವುದೂ ಅವಕ್ಕೆ ಇಷ್ಟ. ಅಡಿಗಡಿಗೆ ಕಾಲು ಹೂತುಹೋಗುವ ಸಡಿಲ ಮರಳನ್ನು ನಾನು ಸುಮ್ನೆ ಮರಳುಗಾಡು ಅನ್ನುವ ಒಂದು ಪದ ಹಿಡಿದು ಹಾಕಿಬಿಟ್ಟಿದ್ದೆ.

ಟೈಲ್ಸ್‌ಗೆ ಎಲ್ಲ ಮುಗಿಯಿತು ಅಂದುಕೊಂಡಿದ್ದೆ. ಅವಳಿಗೆ ಒಂದೂವರೆ ವರ್ಷ ಆಗಿರಬೇಕು, ಒಂದು ಬೆಳಿಗ್ಗೆ ಗೂಡಿನ ಮೂಲೆಯಿಂದ ಪರಪರ ಸದ್ದು. ಚಿನ್ನಿ ಕಲ್ಲನ್ನು ಕೆರೆಯುತ್ತಿದ್ದಳು. ನಿಲ್ಲಿಸಿ ಆ ತುದಿಗೆ ಹೋಗುವುದು, ಮತ್ತೆ ಬಂದು ಕೆರೆಯುವುದು. ಊಟ ಬಿಟ್ಟಿದ್ದಳು. ಎತ್ತಿಕೊಂಡಾಗ ಹೊಟ್ಟೆಯಲ್ಲಿ ದ್ರಾಕ್ಷಿಯಂಥ ಗುಂಡು ಗುಂಡು ಕೈಗೆ ಸಿಕ್ಕವು. ಗಂಡು ಇಲ್ಲದಿದ್ದರೂ ಹೆಣ್ಣು ಮೊಟ್ಟೆ ಇಡಬಹುದು. ಅಗೆಯಲು ಜಾಗ ಸಿಗದಿದ್ದರೆ ಮೊಟ್ಟೆ ಒಳಗೇ ಉಳಿದು ಜೀವಕ್ಕೇ ಅಪಾಯ.

ಅವತ್ತೇ ದೊಡ್ಡ ಡಬ್ಬಿಯೊಂದಕ್ಕೆ ಎರಡು ಪಾಲು ಗೊಬ್ಬರ ಬೆರೆಸದ ಮಣ್ಣು, ಒಂದು ಪಾಲು ತೊಳೆದ ಮರಳು ಹಾಕಿ ಕಲಸಿದೆ. ಮತ್ತೆ ಮರಳು ಮುಟ್ಟುವಾಗ ಕೈ ಹಿಂಜರಿಯಿತು. ಆದರೆ ಇದು ಬೇರೆ. ಮುಷ್ಟಿಯಲ್ಲಿ ಹಿಡಿದರೆ ಉಂಡೆ ನಿಲ್ಲುವಷ್ಟು ತೇವ, ಬೆರಳಿಂದ ತೂತು ಕೊರೆದರೆ ಕುಸಿಯದಷ್ಟು ಬಿಗಿ. ಸುಮಾರು 25 ಸೆಂಟಿಮೀಟರ್ ಆಳಕ್ಕೆ ತುಂಬಿ, ಒತ್ತಿ, ಅವಳನ್ನು ಅದರೊಳಗೆ ಬಿಟ್ಟೆ. ಮೇಲೆ ಬಟ್ಟೆ ಹೊದಿಸಿ ದೂರ ಕೂತೆ. ಯಾರಾದರೂ ನೋಡುತ್ತಿದ್ದರೆ ಅವು ಅಗೆಯುವುದನ್ನೇ ಬಿಟ್ಟುಬಿಡಬಹುದು.

ಸಂಜೆ ಬಟ್ಟೆಯ ಅಂಚು ಎತ್ತಿ ಇಣುಕಿದೆ. ಸುರಂಗದ ಬಾಯಿ ಮುಚ್ಚಿತ್ತು. ಚಿನ್ನಿ ಅದರ ಮೇಲೆ ನಿಂತು ಮೂತಿಯಿಂದ ಮಣ್ಣು ಕುಟ್ಟುತ್ತಿದ್ದಳು. ಹೊಟ್ಟೆ ಒಳಗೆ ಹೋಗಿ ಪಕ್ಕೆಯ ಚರ್ಮ ಸಡಿಲವಾಗಿ ಜೋತುಬಿದ್ದಿತ್ತು. ಆಮೇಲೆ ಅಗೆದು ಎಣಿಸಿದರೆ 19 ಮೊಟ್ಟೆ. ಅವಳನ್ನು ಗೂಡಿಗೆ ಬಿಟ್ಟು, ಡ್ರಾಪರ್‌ನಿಂದ ಮೂತಿಯ ಮೇಲೆ ನೀರು ಹನಿಸಿದೆ. ಕಣ್ಣು ಮುಚ್ಚಿ ತುಂಬಾ ಹೊತ್ತು ನೆಕ್ಕಿ ನೆಕ್ಕಿ ಕುಡಿದಳು. ಆಮೇಲೆ ಮೂಗಿನ ಮೇಲೆ ಮಣ್ಣು ಮೆತ್ತಿಕೊಂಡೇ ದೀಪದಡಿಯ ಟೈಲ್ ಹತ್ತಿ ಮಲಗಿದಳು. ಮಣ್ಣಿನ ಡಬ್ಬಿಯನ್ನು ನಾನು ಗೂಡಿನ ತಣ್ಣನೆ ತುದಿಯಲ್ಲೇ ಇಟ್ಟೆ. ಇನ್ನೂ ಅಲ್ಲೇ ಇದೆ.