ಫ್ರೀಜರ್‌ನಲ್ಲಿ ಮಲಗಿದ ಕೋವಿ

ಆಗಸ್ಟ್ ಕೊನೆಯ ವಾರದ ಒಂದು ಸಂಜೆ ಪಕ್ಕದ ತೋಟದ ಹೋಂಸ್ಟೇಗೆ ಫ್ರೀಜರ್ ಕೇಳಲು ಹೋದೆ. ಹೆಗಲ ಮೇಲೆ ಕಾಫಿ ಗೋಣಿಯಲ್ಲಿ ಸುತ್ತಿದ ಉದ್ದನೆಯ ಗಂಟು. ಅದರೊಳಗೆ ಅಜ್ಜನ ಪಾಯಿಂಟ್ ಟೂ ಟೂ ರೈಫಲ್ಲಿನ ನಳಿಗೆ ಮತ್ತು ನಾಲ್ಕು ತಿಂಗಳು ಕೂತು ನಾನು ಮಾಡಿದ ಕಾರ್ಬನ್ ಫೈಬರ್ ಸ್ಟಾಕ್, ಅಂದರೆ ನಳಿಗೆ ಕೂರುವ ಹಿಡಿ. ಎರಡೂ ಒಂದಕ್ಕೊಂದು ಕಚ್ಚಿಕೊಂಡು ಜಪ್ಪಯ್ಯ ಎಂದರೂ ಬಿಡುತ್ತಿರಲಿಲ್ಲ. ಹೋಂಸ್ಟೇಯ ಅಕ್ಕ ಫ್ರೀಜರಿನ ಮುಚ್ಚಳ ಎತ್ತಿ, "ಕೈಲ್‌ಪೊಳ್ದಿಗೆಂದು ಹಂದಿ ಮಾಂಸ ತುಂಬಿಸಿದ್ದೇನೆ, ಎಷ್ಟು ಹೊತ್ತು ಇಡಬೇಕು?" ಎಂದರು. ಒಂದು ರಾತ್ರಿ ಎಂದೆ. ಅವರು ಮಾಂಸದ ಪೊಟ್ಟಣಗಳನ್ನು ಒಂದು ಬದಿಗೆ ಒತ್ತಿದರು. ಗಂಟು ಮೂಲೆಯಿಂದ ಮೂಲೆಗೆ ಓರೆಯಾಗಿ ಹಿಡಿಯಿತು. "ಇದರೊಳಗೆ ಗುಂಡು ಇಲ್ಲ ತಾನೇ?" ಎಂದು ಕೇಳಿದ್ದು ಮುಚ್ಚಳ ಹಾಕಿದ ಮೇಲೆ. ಗುಂಡೂ ಇರಲಿಲ್ಲ, ಬೋಲ್ಟೂ ಇರಲಿಲ್ಲ. ಗುಂಡನ್ನು ನಳಿಗೆಗೆ ತಳ್ಳುವ ಆ ಬೋಲ್ಟನ್ನು ಅಪ್ಪ ತಮ್ಮ ಬೀರುವಿನಲ್ಲಿಟ್ಟು ಬೀಗ ಹಾಕಿದ್ದರು.

ಈ ಅವಸ್ಥೆಗೆ ಕಾರಣ ಅಣ್ಣನ ಮಗಳು. ಅವಳಿಗೆ ಇಪ್ಪತ್ತನಾಲ್ಕು ವರ್ಷ, ಎತ್ತರ ಐದು ಅಡಿ ಒಂದು ಇಂಚು. ಗದ್ದೆ ನಾಟಿ ಮುಗಿದು ಸೆಪ್ಟೆಂಬರ್ 3ಕ್ಕೆ ಕೈಲ್‌ಪೊಳ್ದ್ ಬಂದಿತೆಂದರೆ ನಮ್ಮ ಕೊಡಗಿನಲ್ಲಿ ಆಯುಧಪೂಜೆ, ಆಮೇಲೆ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ. ಕಳೆದ ಬಾರಿ ಅವಳು ಅಜ್ಜನ ಕೋವಿ ಎತ್ತಿ ನಿಂತಾಗ ಕೆನ್ನೆ ಒಂದು ಕಡೆ, ಕಣ್ಣು ಒಂದು ಕಡೆ. ಅಜ್ಜ ಆರಡಿ ಆಳು. ಟ್ರಿಗರಿನಿಂದ ಮರದ ಸ್ಟಾಕಿನ ಹಿಮ್ಮಡಿಯವರೆಗೆ ಟೇಪು ಹಿಡಿದರೆ 14 ಇಂಚು. ಅವಳ ಮೊಣಕೈಯನ್ನು ಮಡಚಿ, ಒಳಮಡಿಕೆಯಿಂದ ತೋರುಬೆರಳಿನ ತುದಿಗಂಟಿನವರೆಗೆ ಅಳೆದರೆ ಹನ್ನೆರಡೂ ಮುಕ್ಕಾಲು. ಒಂದೂಕಾಲು ಇಂಚು ಕತ್ತರಿಸಿಬಿಟ್ಟರೆ ಮುಗಿಯಿತಲ್ಲ ಎಂದು ಊಟದ ಹೊತ್ತಿನಲ್ಲಿ ಬಾಯಿಬಿಟ್ಟೆ. ಅಪ್ಪ ತುತ್ತನ್ನು ತಟ್ಟೆಗೆ ವಾಪಸು ಇಟ್ಟರು. "ಆ ಮರಕ್ಕೆ ಗರಗಸ ಇಡುವವನು ಮೊದಲು ನನ್ನ ಕೈಗೆ ಇಟ್ಟು ನೋಡಲಿ" ಎಂದರು. ಮಾತು ಅಲ್ಲಿಗೆ ನಿಂತಿತು.

ಮರದ ಮೇಲೆ ನನಗೆ ಬೇರೆ ಸಿಟ್ಟೂ ಇತ್ತು. ಮಾರ್ಚಿನಲ್ಲಿ ಗುರಿ ಸರಿಪಡಿಸಿಟ್ಟ ಕೋವಿ ಆಗಸ್ಟಿನಲ್ಲಿ ಎಡಕ್ಕೆ ಹೊಡೆಯುತ್ತದೆ. ಮೂರು ತಿಂಗಳ ಮಳೆಯ ತೇವ ಕುಡಿದು ಮರ ಉಬ್ಬುತ್ತದೆ, ಸೊಟ್ಟಗಾಗುತ್ತದೆ, ನಳಿಗೆಗೆ ಒಂದು ಬದಿಯಿಂದ ಒತ್ತು ಕೊಡುತ್ತದೆ. ಮೆತ್ತಿದ ಎಣ್ಣೆ ತೇವ ಹತ್ತುವುದನ್ನು ನಿಧಾನ ಮಾಡುತ್ತದೆಯೇ ಹೊರತು ತಡೆಯುವುದಿಲ್ಲ. ನಮ್ಮ ಹಬ್ಬ ಬರುವುದೇ ಮಳೆಯ ಬಾಲ ಹಿಡಿದುಕೊಂಡು.

ಮಳೆಗೆ ಸೊಟ್ಟಗಾಗದ ಕಾರ್ಬನ್ ಸ್ಟಾಕನ್ನು ನಾನೇ ಮಾಡುತ್ತೇನೆಂದು ಬೆಂಗಳೂರಿನ ಗೆಳೆಯನಿಗೆ ಫೋನಿನಲ್ಲಿ ಹೇಳಿದಾಗ ಅವನು, "ಮನೆಯಲ್ಲಿ ಕೋವಿ ಮಾಡುತ್ತಿದ್ದೀಯಾ?" ಎಂದು ದನಿ ತಗ್ಗಿಸಿದ. ಕೋವಿಯಲ್ಲ ಮಾರಾಯ, ಕೋವಿ ಕೂರುವ ಹಿಡಿ. ನಂಬರು ಕೆತ್ತಿದ ಲೋಹದ ಭಾಗಕ್ಕೆ ನಾನು ಅರವನ್ನೂ ತಾಗಿಸುವುದಿಲ್ಲ. ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ ಕೋವಿಯ ಪರವಾನಗಿಯಿಂದ ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿ ಇದೆ. ಕೇಂದ್ರ ಸರಕಾರ ಅದನ್ನು 2019ರಲ್ಲಿ ಹತ್ತು ವರ್ಷಕ್ಕೆ ಮುಂದುವರಿಸಿತು, 2021ರಲ್ಲಿ ಹೈಕೋರ್ಟ್ ಎತ್ತಿ ಹಿಡಿಯಿತು. ವಿನಾಯಿತಿ ಎಂದರೆ ಲೆಕ್ಕಪತ್ರವಿಲ್ಲ ಎಂದಲ್ಲ. ವಿನಾಯಿತಿ ಪತ್ರ ಅಪ್ಪನ ಹೆಸರಿನಲ್ಲಿದೆ. ಹಾಗಾಗಿ ಕೋವಿಯ ಬಗ್ಗೆ ಕೊನೆಯ ಮಾತೂ ಅವರದೇ.

ಕೆಲಸ ಶುರುವಾದದ್ದು ಏಪ್ರಿಲಿನಲ್ಲಿ, ಕಾಫಿ ಗೋದಾಮಿನ ಮೂಲೆಯಲ್ಲಿ. ಹಳೆಯ ಸ್ಟಾಕನ್ನು ರಟ್ಟಿನ ಮೇಲಿಟ್ಟು ಪೆನ್ಸಿಲಿನಲ್ಲಿ ಗೆರೆ ಎಳೆದುಕೊಂಡೆ, ಅವಳ ಅಳತೆಗೆ ತಿದ್ದಿದೆ, ಆ ಆಕಾರಕ್ಕೆ ನೀಲಿ ಫೋಮ್ ಹಲಗೆಯನ್ನು ಕೆತ್ತಿದೆ. ಇದರ ಮೇಲೆ ಬಟ್ಟೆ ಸುತ್ತಿ ರಾಳ ಕುಡಿಸಿದರೆ ಗಟ್ಟಿ ಚಿಪ್ಪು ಸಿದ್ಧವಾಗುತ್ತದೆ ಎಂಬುದು ಲೆಕ್ಕ. ನೀರಿನ ಟ್ಯಾಂಕಿಗೆ ತೇಪೆ ಹಾಕುವ ಪಾಲಿಯೆಸ್ಟರ್ ರಾಳ ಮನೆಯಲ್ಲೇ ಇತ್ತು, ದುಡ್ಡು ಉಳಿಯಿತು ಎಂದು ಅದನ್ನೇ ಬಳಿದೆ. ಅದರಲ್ಲಿರುವ ಸ್ಟೈರೀನ್ ಫೋಮನ್ನು ಕರಗಿಸುತ್ತದೆ ಎಂಬುದನ್ನು ಓದಿ ತಿಳಿಯಬೇಕಿತ್ತು, ನಾನು ನೋಡಿ ತಿಳಿದೆ. ವಾರವಿಡೀ ಕೆತ್ತಿದ್ದು ಹತ್ತು ನಿಮಿಷದಲ್ಲಿ ಮಳೆಗೆ ಸಿಕ್ಕ ಬೆಲ್ಲದಚ್ಚಿನಂತೆ ಕುಸಿಯಿತು. ಎರಡನೆಯದಕ್ಕೆ ಸ್ಟೈರೀನ್ ಇಲ್ಲದ ಎಪಾಕ್ಸಿ ರಾಳ ತರಿಸಿದೆ.

ಕಾರ್ಬನ್ ಬಟ್ಟೆ ಕೈಗೆ ಬಂದಾಗ ನಮ್ಮ ಗಂಡಸರು ತೊಡುವ ಉದ್ದ ಕಪ್ಪು ಅಂಗಿ ಕುಪ್ಯದ ಬಟ್ಟೆಯೇ ಅನ್ನಿಸಿತು. ಅಷ್ಟು ಕಪ್ಪು, ಓರೆ ನೇಯ್ಗೆ, ಬೆಳಕಿಗೆ ಹಿಡಿದರೆ ಮೀನಿನ ಬೆನ್ನಿನ ಹೊಳಪು. ಕತ್ತರಿ ಇಟ್ಟೊಡನೆ ಅಂಚಿನ ಎಳೆಗಳು ಬಿಚ್ಚಿ ಚದರುತ್ತವೆ. ಮುಂಭಾಗಕ್ಕೆ ನಾಲ್ಕು ಪದರ, ಕೈ ಹಿಡಿಯುವ ಸಣಕಲು ಜಾಗಕ್ಕೆ ಆರು. ಅಲ್ಲಿ ತಿರುಚುವ ಬಲ ಬೀಳುವುದರಿಂದ ಪದರ ಬಿಟ್ಟು ಪದರವನ್ನು 45 ಡಿಗ್ರಿ ತಿರುಗಿಸಿ ಹಾಕಿದೆ. ಎಲ್ಲವನ್ನೂ ಪ್ಲಾಸ್ಟಿಕ್ ಚೀಲದೊಳಗೆ ಹಾಕಿ, ಕೆಟ್ಟ ಫ್ರಿಜ್ಜಿನಿಂದ ಬಿಚ್ಚಿದ ಕಂಪ್ರೆಸರಿನಿಂದ ಗಾಳಿ ಎಳೆಸಿದೆ. ಚೀಲ ಮುದುಡಿ ಸ್ಟಾಕಿಗೆ ಚರ್ಮದಂತೆ ಅಂಟಿಕೊಳ್ಳುವುದನ್ನು ನೋಡಲು ಅಪ್ಪನೂ ಬಂದು ನಿಂತರು. ಏನೂ ಹೇಳಲಿಲ್ಲ. ಅರ್ಧ ಗಂಟೆ ನಿಂತದ್ದೇ ಹೆಚ್ಚು.

ಆ ಮೊದಲ ಪದರಗಳು ಬಿಸಿಲಿನ ದಿನಗಳಲ್ಲಿ ಆದವು. ಉಳಿದದ್ದು ಜೂನ್ ದಾಟಿತು. ಎಪಾಕ್ಸಿಗೂ ಕೊಡಗಿನ ಮಳೆಗಾಲಕ್ಕೂ ಎಣ್ಣೆ ಸೀಗೆಕಾಯಿ. ಗಾಳಿಯ ತೇವ ಹೆಚ್ಚಿದ್ದರೆ ಗಟ್ಟಿಯಾಗುವ ರಾಳದ ಮೈಮೇಲೆ ಜಿಡ್ಡಿನಂಥ ಪೊರೆ ಬರುತ್ತದೆ. ಅದನ್ನು ಬಿಸಿ ನೀರಿನಲ್ಲಿ ತಿಕ್ಕಿ ತೊಳೆಯದೆ ಮುಂದಿನ ಪದರ ಹಾಕಿದರೆ ಹಿಡಿಯುವುದಿಲ್ಲ, ಸಿಪ್ಪೆಯಂತೆ ಏಳುತ್ತದೆ. ಕೋಳಿಮರಿಗಳಿಗೆ ಕಾವು ಕೊಡುವ ಪೆಟ್ಟಿಗೆಯನ್ನು ಬಲ್ಬುಗಳ ಸಮೇತ ತಂದು ಸ್ಟಾಕನ್ನು ಅದರೊಳಗೆ ಮಲಗಿಸಿದೆ. ಉಜ್ಜುವ ಕೆಲಸ ಇನ್ನೊಂದು ಪೀಡೆ. ಕಾರ್ಬನ್ನಿನ ಪುಡಿ ಮೂಗಿಗೂ ಕೇಡು, ಮೋಟರಿಗೂ ಕೇಡು. ಅದು ವಿದ್ಯುತ್ತನ್ನು ಹರಿಸುತ್ತದೆ. ಡ್ರಿಲ್ ಒಂದು ಚಟಪಟ ಎಂದು ಸತ್ತ ಮೇಲೆ ನೀರಿನಲ್ಲಿ ಅದ್ದಿ ಉಜ್ಜುವ ಮರಳು ಕಾಗದ ಹಿಡಿದು ಬಕೆಟಿನ ಮುಂದೆ ಕೂತೆ. ಹೆಬ್ಬೆರಳಿಗೆ ಹೊಕ್ಕ ಒಂದು ಸಿಬಿರು ಒಂಬತ್ತು ದಿನ ಕಾಡಿತು.

ಕೊನೆಯ ಘಟ್ಟ, ನಳಿಗೆಯ ಬುಡ ಸ್ಟಾಕಿನಲ್ಲಿ ಅಲ್ಲಾಡದಂತೆ ಕೂರಲು ಅಚ್ಚು ತೆಗೆಯುವುದು. ಫೋಮ್ ಸ್ಕ್ರೂವಿನ ಬಿಗಿತಕ್ಕೆ ಅಪ್ಪಚ್ಚಿಯಾಗುತ್ತದೆ, ಆದ್ದರಿಂದ ಎರಡು ಅಲ್ಯುಮಿನಿಯಂ ಕಂಬಗಳನ್ನು ಹೂತಿದ್ದೆ. ಅವಕ್ಕೂ ಕಾರ್ಬನ್ನಿಗೂ ನಡುವೆ ಗಾಜಿನ ನಾರಿನ ಪದರ ಸುತ್ತಿದ್ದೆ; ತೇವದಲ್ಲಿ ಕಾರ್ಬನ್ ಮುಟ್ಟಿಕೊಂಡಿರುವ ಅಲ್ಯುಮಿನಿಯಂ ಬೇಗ ಸವೆದುಹೋಗುತ್ತದೆ. ಇಷ್ಟೆಲ್ಲ ಜಾಣತನ ತೋರಿಸಿದವನು, ಉಕ್ಕಿನ ಪುಡಿ ಬೆರೆತ ಎಪಾಕ್ಸಿಯನ್ನು ತುಂಬುವ ಮುನ್ನ ಕೋವಿಯ ಹೊಟ್ಟೆಯ ತೂತುಗಳನ್ನೆಲ್ಲ ಜೇನುಮೇಣದಿಂದ ಮುಚ್ಚಿ, ಮುಂದಿನ ಸ್ಕ್ರೂವಿನ ಪಕ್ಕದ ಕಡಲೆಕಾಳಿನಷ್ಟು ಗುಳಿಯನ್ನು ಮರೆತೆ. ಮರುದಿನ ಸ್ಕ್ರೂ ಬಿಚ್ಚಿ ಎಳೆದರೆ ನಳಿಗೆ ಬರಲಿಲ್ಲ; ಗುಳಿಗೆ ಹರಿದ ರಾಳ ಅಲ್ಲೇ ಗಟ್ಟಿಯಾಗಿತ್ತು. ರಬ್ಬರ್ ಸುತ್ತಿಗೆಯಿಂದ ತಟ್ಟಿದೆ, ಮೊಣಕಾಲು ಕೊಟ್ಟು ಎಳೆದೆ. ಅಪ್ಪ ಬಾಗಿಲಲ್ಲಿ ನಿಂತು, "ಅಜ್ಜನ ಕೋವಿ ಈಗ ಯಾರದು?" ಎಂದು ಕೇಳಿ ಹೋದರು. ಬಿಸಿ ಮಾಡಿದರೆ ಚಿಪ್ಪಿನ ರಾಳವೂ ಮೆತ್ತಗಾಗುತ್ತದೆ. ಉಳಿದದ್ದು ತಣ್ಣಗೆ ಮಾಡುವ ದಾರಿ: ಚಳಿಗೆ ಉಕ್ಕು ಒಂದಷ್ಟು ಕುಗ್ಗುತ್ತದೆ, ರಾಳ ಬೇರೊಂದಷ್ಟು, ಆ ವ್ಯತ್ಯಾಸದಲ್ಲಿ ಹಿಡಿತ ತಪ್ಪಬೇಕು.

ಬೆಳಿಗ್ಗೆ ಐದೂವರೆಗೆ ನಾನೂ ಅಪ್ಪನೂ ಹೋದೆವು. ಪ್ರವಾಸಿಗಳು ಏಳುವ ಮೊದಲು ಮುಗಿಯಲಿ ಎಂದು ಅಕ್ಕ ಹೇಳಿದ್ದರು. ಗೋಣಿ ಹಲಗೆಯಂತೆ ಸೆಟೆದುಕೊಂಡಿತ್ತು. ಬಿಡಿಸಿದಾಗ ಕಪ್ಪು ಸ್ಟಾಕಿನ ನೇಯ್ಗೆಯ ಗುಂಟ ಬಿಳಿ ಹಿಮ ಗೆರೆ ಎಳೆದಿತ್ತು. ಅಡುಗೆಮನೆಯ ಹಿಂದಿನ ಕಲ್ಲಿನ ಮೇಲೆ ಗೋಣಿ ಹಾಸಿ ಹಿಡಿದೆ, ಅಪ್ಪ ಸುತ್ತಿಗೆ ತೆಗೆದುಕೊಂಡರು. ಮೂರನೆಯ ಏಟಿಗೆ ಒಣಕಡ್ಡಿ ಮುರಿದಂತೆ ಟಕ್ ಎಂದಿತು. ನಳಿಗೆ ಕೈಗೆ ಬಂತು. ಬಂದ ಕ್ಷಣವೇ ಮಳೆಗಾಲದ ಗಾಳಿ ಅದರ ಮೈಮೇಲೆ ಬೆವರಾಗಿ ಇಳಿಯತೊಡಗಿತು. ನಾನು ಅಚ್ಚು ನೋಡುತ್ತಾ ಹಿಗ್ಗುತ್ತಿದ್ದೆ. ಅಪ್ಪ ಜೇಬಿನಿಂದ ಎಣ್ಣೆಯಲ್ಲಿ ಅದ್ದಿದ ಹಳೆ ಬನಿಯನ್ ತುಂಡು ತೆಗೆದು ಉಜ್ಜುತ್ತಿದ್ದರು. ತುಕ್ಕಿನ ಯೋಚನೆಯನ್ನು ಅವರು ಮನೆಯಲ್ಲೇ ಮಾಡಿಕೊಂಡು ಬಂದಿದ್ದರು.

ಗುಳಿಯಲ್ಲಿ ಮುರಿದು ಉಳಿದ ರಾಳವನ್ನು ಸೂಜಿಯಿಂದ ಕೆದಕಿದೆ. ಜೋಡಿಸಿದ ಮೇಲೆ ನಳಿಗೆಗೂ ಸ್ಟಾಕಿಗೂ ನಡುವೆ ಹತ್ತು ರೂಪಾಯಿಯ ನೋಟು ಎಲ್ಲೂ ತಡೆಯದೆ ಬುಡದವರೆಗೆ ಸರಿದು ಹೋಯಿತು, ಅಂದರೆ ನಳಿಗೆಗೆ ಯಾವ ಬದಿಯಿಂದಲೂ ಒತ್ತಿಲ್ಲ. ಸೆಪ್ಟೆಂಬರ್ ಒಂದರಂದು ತೋಟದ ಮಣ್ಣಿನ ಬರೆಗೆ ಕಾಗದ ಅಂಟಿಸಿ, ಮೂಟೆಯ ಮೇಲಿಟ್ಟು ಐದು ಗುಂಡು ಹೊಡೆದೆವು. ಐದೂ ಒಂದು ನಿಂಬೆಹಣ್ಣಿನ ಅಗಲದೊಳಗೆ. ಆಮೇಲೆ ಅವಳು ನಿಂತು ಹೊಡೆದಳು. ಐದರಲ್ಲಿ ಒಂದು ಕಾಗದಕ್ಕೆ ತಾಗಿತು.

"ಚಿಕ್ಕಪ್ಪ, ಉದ್ದ ಸರಿಯಾಗಿದೆ. ಆದರೆ ಇದು ಕೈಯಲ್ಲಿ ನಿಲ್ಲುವುದೇ ಇಲ್ಲ, ಗಾಳಿಗೆ ತೂಗುವ ಹಾಗಿದೆ" ಎಂದಳು.

ಅದೇ ಸಮಸ್ಯೆ. ಕಾಡಿನಲ್ಲಿ ದಿನವಿಡೀ ಹೊತ್ತು ತಿರುಗುವವನಿಗೆ ಹಗುರ ಬೇಕು. ನಿಂತಲ್ಲಿಂದ ಕಾಯಿಗೆ ಗುರಿ ಇಡುವವಳಿಗೆ ಕೈಯ ನಡುಕವನ್ನು ನುಂಗುವಷ್ಟು ಭಾರ ಬೇಕು. ನಾಲ್ಕು ತಿಂಗಳು ಒಂದೊಂದು ಗ್ರಾಮು ಕಳೆಯುತ್ತಾ ಕೂತವನಿಗೆ ಇದು ಹೊಳೆಯಲಿಲ್ಲ. ಮೀನು ಗಾಳಕ್ಕೆ ಕಟ್ಟುವ ಸೀಸದ ಗುಂಡುಗಳನ್ನು ಪೇಟೆಯಿಂದ ತಂದು ಹಿಮ್ಮಡಿಯ ಫೋಮನ್ನು ಬಗೆದು ತುಂಬಿಸಿದೆ, ಮುಂಭಾಗಕ್ಕೂ ಒಂದಿಷ್ಟು ಹಾಕಿದೆ. (ಸ್ಪರ್ಧೆಯ ದಿನ ಅವಳ ಮೂರನೆಯ ಗುಂಡು ಕಾಯಿಯ ಜುಟ್ಟು ಹಾರಿಸಿತು. ಕಾಯಿ ಒಡೆದವರು ಅರವತ್ತು ದಾಟಿದ ಒಬ್ಬ ಅಜ್ಜಿ, ಮರದ ಸ್ಟಾಕಿನ ಕೋವಿಯಲ್ಲಿ.)

ಹಬ್ಬದ ಹಿಂದಿನ ರಾತ್ರಿ ಅಪ್ಪ ಮೆಣಸು ತೂಗುವ ತಕ್ಕಡಿಯನ್ನು ಜಗಲಿಗೆ ತಂದರು. ಅಜ್ಜನ ಮರ ಒಂದು ಕೆಜಿ 140 ಗ್ರಾಂ ತೂಗಿತು. ನನ್ನದು ಸೀಸಕ್ಕೆ ಮೊದಲು 610 ಗ್ರಾಂ ಇದ್ದದ್ದು ಈಗ ಒಂದು ಕೆಜಿ 90. ಅಪ್ಪ ಮುಳ್ಳನ್ನು ಬಗ್ಗಿ ನೋಡಿ, ಕನ್ನಡಕ ಏರಿಸಿ ಮತ್ತೊಮ್ಮೆ ನೋಡಿದರು.

"ಇನ್ನು 50 ಗ್ರಾಂ ಹಾಕು" ಎಂದರು.