ಏಜೆನ್ಸಿಯೋ ಕಾರ್ಪೊರೇಟೋ ಅಂತ ಕೇಳುವವರಿಗೆ

"ಮೇಡಂ, ಪಿಆರ್‌ಗೆ ಬರ್ಬೇಕು ಅಂತಿದ್ದೀನಿ. ಏಜೆನ್ಸಿ ಸೇರಲಾ, ಕಾರ್ಪೊರೇಟ್ ಸೇರಲಾ?"

ಪಿಆರ್ ಅಂದರೆ ಸಾರ್ವಜನಿಕ ಸಂಪರ್ಕ, ಕಂಪನಿಯ ಪರವಾಗಿ ಪತ್ರಿಕೆಗಳ ಜೊತೆ ಮಾತಾಡುವ ಕೆಲಸ. ಪತ್ರಿಕೋದ್ಯಮ ಓದುವ ಮಕ್ಕಳು ಇದನ್ನು ಕೇಳುತ್ತಾರೆ, ಅವರ ಅಪ್ಪ ಅಮ್ಮಂದಿರೂ ಕೇಳುತ್ತಾರೆ. ಹೋದ ತಿಂಗಳು ಮದುವೆ ಊಟಕ್ಕೆ ಕೂತಿದ್ದೆ. ಎಲೆಗೆ ಅನ್ನ ಬಿದ್ದು ಸಾರು ಬರುವಷ್ಟರಲ್ಲಿ ಪಕ್ಕದ ಎಲೆಯವರು ಮಗಳನ್ನು ತೋರಿಸಿ ಇದನ್ನೇ ಕೇಳಿದರು. ಹೇಳಿ ಹೇಳಿ ಸಾಕಾಗಿದೆ. ಇನ್ನು ಮೇಲೆ ಕೇಳಿದವರಿಗೆಲ್ಲ ಇದನ್ನೇ ಕಳಿಸುತ್ತೇನೆ.

ಬೆಂಗಳೂರಿನಲ್ಲಿ ಆರು ವರ್ಷ ಏಜೆನ್ಸಿಯಲ್ಲಿದ್ದೆ. ಆಮೇಲೆ ಒಂದು ಕಂಪನಿ ಸೇರಿದೆ. ಏಜೆನ್ಸಿ ಅಂದರೆ ಬೇರೆ ಬೇರೆ ಕಂಪನಿಗಳಿಗೆ ಪಿಆರ್ ಮಾಡಿಕೊಡುವ ಸಂಸ್ಥೆ. ಅಲ್ಲಿ ಒಬ್ಬರ ತಲೆ ಮೇಲೆ ನಾಲ್ಕೈದು ಕ್ಲೈಂಟ್‌ಗಳು. ಬೆಳಗ್ಗೆ ಕಾಫಿ ಪುಡಿ, ಮಧ್ಯಾಹ್ನ ಸಾಫ್ಟ್‌ವೇರ್, ಸಂಜೆ ಕಬ್ಬನ್ ಪಾರ್ಕಿನ ಪ್ರೆಸ್ ಕ್ಲಬ್ಬಿನಲ್ಲಿ ಇನ್ಯಾರದೋ ಪತ್ರಿಕಾಗೋಷ್ಠಿ. ಕ್ಲೈಂಟ್ ತಿಂಗಳು ತಿಂಗಳು ರಿಟೇನರ್, ಅಂದರೆ ಗೊತ್ತು ಮಾಡಿದ ಶುಲ್ಕ, ಕೊಡುತ್ತಾರೆ. ತಿಂಗಳ ಕೊನೆಗೆ ಕವರೇಜ್ ಎಷ್ಟು ಬಂತು ಅಂತ ಲೆಕ್ಕ ಕೇಳುತ್ತಾರೆ. ಸುದ್ದಿ ಎಷ್ಟು ಸೆಂಟಿಮೀಟರ್ ಇದೆ ಅಂತ ಸ್ಕೇಲ್ ಇಟ್ಟು ಅಳೆದು, ಜಾಹೀರಾತಿನ ದರದಿಂದ ಗುಣಿಸಿ ತೋರಿಸಿದ್ದೇನೆ. ಹಾಗೆ ಅಳೆಯಬಾರದು ಅಂತ 2010ರಲ್ಲೇ ಬಾರ್ಸಿಲೋನಾದಲ್ಲಿ ಸೇರಿದ್ದ ನಮ್ಮ ವೃತ್ತಿಯವರು ಒಪ್ಪಿಕೊಂಡಿದ್ದರು. ಆದರೂ ಅಳೆದೆವು. ಕಾರ್ಪೊರೇಟಿನಲ್ಲಿ ಒಂದೇ ಕಂಪನಿ, ಅದರ ಒಳಹೊರಗೆಲ್ಲ ಗೊತ್ತಾಗುತ್ತದೆ. ಆದರೆ ನಾಲ್ಕು ಸಾಲಿನ ಹೇಳಿಕೆಗೂ ಲೀಗಲ್, ಫೈನಾನ್ಸ್, ಎಚ್‌ಆರ್ ಎಲ್ಲರೂ ಹೂಂ ಅನ್ನಬೇಕು. ಷೇರುಪೇಟೆಯಲ್ಲಿರುವ ಕಂಪನಿಯಾದರೆ ಷೇರು ಬೆಲೆ ಅಲುಗಾಡಿಸುವ ಸುದ್ದಿಯನ್ನು ಮೊದಲು ಷೇರುಪೇಟೆಗೆ ತಿಳಿಸಬೇಕು, ವರದಿಗಾರರಿಗೆ ಆಮೇಲೆ.

ಇಷ್ಟು ಹೇಳಿದರೆ ಮುಗಿಯಬೇಕು, ಅಲ್ವಾ? ಮುಗಿಯಲ್ಲ. "ಅಂದ್ರೆ ಏಜೆನ್ಸೀಲಿ ಕಲಿತು ಕಾರ್ಪೊರೇಟಲ್ಲಿ ಸೆಟಲ್ ಆಗೋದು" ಅನ್ನುತ್ತಾರೆ. ಈ ಸೆಟಲ್ ಅನ್ನುವ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಯಾಕೆ ಅಂತ ಹೇಳುತ್ತೇನೆ.

ಏಜೆನ್ಸಿಯಲ್ಲಿದ್ದಾಗ ಒಂದು ರಾತ್ರಿ, ಒಂಬತ್ತೂವರೆ ಇರಬೇಕು, ಕನ್ನಡ ಪತ್ರಿಕೆಯ ವರದಿಗಾರರೊಬ್ಬರು ಫೋನ್ ಮಾಡಿದರು. ನಮ್ಮ ಕ್ಲೈಂಟ್ ಕಾರ್ಖಾನೆಯಲ್ಲಿ ಬೆಂಕಿ ಬಿದ್ದಿದೆ, ನಿಮ್ಮವರು ಏನಂತಾರೆ ಅಂತ ಕೇಳಿದರು. ನನಗೆ ಗೊತ್ತೇ ಇರಲಿಲ್ಲ. ಕಂಪನಿಗೆ ಎರಡು ಗಂಟೆ ಮೊದಲೇ ಗೊತ್ತಿತ್ತು. ಅಲ್ಲಿಂದ ಇಂಗ್ಲಿಷಿನಲ್ಲಿ ಮೂರು ಸಾಲು ಬಂತು, ಕನ್ನಡ ಮಾಡಿ ಎಲ್ಲರಿಗೂ ಕಳಿಸಿ ಅಂದರು. "ಒಂದು ಸಣ್ಣ ಅವಘಡ" ಅಂತ ಟೈಪ್ ಮಾಡಿದೆ. "ಸಣ್ಣ" ಅಳಿಸಿದೆ. ಮೇಲಿನವರು ಅದು ಇರಲೇಬೇಕು ಅಂದರು. ಮತ್ತೆ ಹಾಕಿ ಕಳಿಸಿದೆ.

ಐದು ನಿಮಿಷಕ್ಕೆ ಅದೇ ವರದಿಗಾರರ ಫೋನ್. "ಮೇಡಂ, ನಾನು ವಿಕ್ಟೋರಿಯಾ ಆಸ್ಪತ್ರೆ ಸುಟ್ಟಗಾಯದ ವಾರ್ಡಿನ ಮುಂದೆ ನಿಂತಿದ್ದೀನಿ. ಮೂರು ಜನ ಒಳಗಿದ್ದಾರೆ. ಒಬ್ಬನ ಹೆಂಡ್ತಿ ಇಲ್ಲೇ ನೆಲದ ಮೇಲೆ ಕೂತಿದ್ದಾರೆ. ಸಣ್ಣದು ಅಂತ ಅವರಿಗೆ ನೀವೇ ಹೇಳ್ತೀರಾ, ಫೋನ್ ಕೊಡ್ಲಾ?"

ಏನೂ ಹೇಳಲಾಗಲಿಲ್ಲ. ಅವರೇ ಫೋನ್ ಇಟ್ಟರು.

1906ರಲ್ಲಿ ಅಮೆರಿಕದ ಅಟ್ಲಾಂಟಿಕ್ ಸಿಟಿಯಲ್ಲಿ ಒಂದು ರೈಲು ಸೇತುವೆಯಿಂದ ನೀರಿಗೆ ಬಿದ್ದು 50ಕ್ಕೂ ಜಾಸ್ತಿ ಜನ ಸತ್ತರು. ರೈಲ್ವೆ ಕಂಪನಿಯ ಪ್ರಚಾರ ನೋಡಿಕೊಳ್ಳುತ್ತಿದ್ದ ಐವಿ ಲೀ ವಿಷಯ ಮುಚ್ಚಿಡಲು ಬಿಡಲಿಲ್ಲ. ನಡೆದದ್ದನ್ನು ಕಂಪನಿಯ ಹೆಸರಿನಲ್ಲೇ ಬರೆದು ಪತ್ರಿಕೆಗಳಿಗೆ ಕೊಟ್ಟರು. ಮೊದಲ ಪತ್ರಿಕಾ ಪ್ರಕಟಣೆ ಅಂತ ಇದನ್ನೇ ಹೇಳುತ್ತಾರೆ. ಆಗ ಲೀ ಹೊರಗಿನ ಏಜೆನ್ಸಿಯವರು. ಮುಂದೆ ಅದೇ ರೈಲ್ವೆಯ ನೌಕರಿಗೂ ಸೇರಿದರು. ನಮ್ಮ ಕೆಲಸ ಶುರುವಾದದ್ದೇ ಹೀಗೆ, ಸತ್ತವರ ಸುದ್ದಿಯನ್ನು ಸರಿಯಾಗಿ ಹೇಳುವುದರಿಂದ. ಇದನ್ನು ಯಾವ ಮದುವೆಮನೆಯಲ್ಲೂ ಯಾರೂ ಕೇಳಿಲ್ಲ.

ನೀವು ಕೇಳಬೇಕಾದದ್ದು ಬೇರೆ. ಇಂಟರ್‌ವ್ಯೂಗೆ ಹೋದಾಗ ಕೇಳಿ: ಹೋದ ಸಲ ಕೆಟ್ಟ ಸುದ್ದಿ ಬಂದಾಗ ನಿಮಗೆ ಯಾರು ಹೇಳಿದರು, ಎಷ್ಟು ಹೊತ್ತಿಗೆ ಹೇಳಿದರು? ಈ ಮಾತು ಬೇಡ ಅಂತ ನೀವು ಅಂದರೆ ಕೇಳುವವರು ಇದ್ದರಾ? ಕ್ಲೈಂಟ್‌ಗೆ ಮುಖ ಕೊಟ್ಟು ಬೇಡ ಅನ್ನುವ ಏಜೆನ್ಸಿಗಳನ್ನು ನೋಡಿದ್ದೇನೆ. ಪ್ರಕಟಣೆ ಸಿದ್ಧವಾದ ಮೇಲೆ ಪಿಆರ್‌ನವರನ್ನು ಕರೆಯುವ ಕಂಪನಿಗಳನ್ನೂ ನೋಡಿದ್ದೇನೆ.

ಕಂಪನಿ ಸೇರಿದ ಮೂರನೇ ವರ್ಷ ನಮ್ಮ ಗೋಡೌನಿನಲ್ಲಿ ರ‍್ಯಾಕ್ ಕುಸಿಯಿತು. ಈ ಸಲ ನಾನು ಅದೇ ಕೋಣೆಯಲ್ಲಿದ್ದೆ. ಕರಡಿನಲ್ಲಿ ಮತ್ತೆ ಅದೇ "ಸಣ್ಣ". ಅದೊಂದು ಪದ ತೆಗೆಸಲು ನಾಲ್ಕು ಗಂಟೆ ಹಿಡಿಯಿತು. ನಡುವೆ ಎರಡು ಸಲ ದನಿ ಏರಿಸಿದೆ, ಒಂದು ಸಲ ಎದ್ದು ಹೊರಗೆ ಹೋಗಿ ಬಂದೆ. ತೆಗೆದ ಮೇಲೆ ಮೊದಲ ಫೋನ್ ಆ ವರದಿಗಾರರಿಗೇ ಮಾಡಿದೆ.

"ಎಷ್ಟು ಜನ ಮೇಡಂ?" ಅಂದರು.

"ಇಬ್ಬರು. ಒಬ್ಬರ ಕಾಲು ಮುರಿದಿದೆ, ಇನ್ನೊಬ್ಬರಿಗೆ ಆಪರೇಷನ್ ನಡೀತಿದೆ. ಮನೆಯವರಿಗೆ ತಿಳಿಸಿದ ಮೇಲೆ ಹೆಸರು ಕೊಡ್ತೀನಿ."

ಅವರು ಬರೆದುಕೊಂಡರು.